ಗುರುತಿಲ್ಲದವರ ಸಾವಿನ ಮನೆಗೆ ಹೋಗಬಹುದೇ?

ಇಂಡೊನೇಷ್ಯಾದ ತೊರಾಜಕ್ಕೆ ಹೋಗಿದ್ದೆ ಅಂದ ಕೂಡಲೇ ಜನ ಒಂದೇ ಪ್ರಶ್ನೆ ಕೇಳುತ್ತಾರೆ. ಅಲ್ಲಿನ ಶವಸಂಸ್ಕಾರದ ವೀಡಿಯೊಗಳನ್ನು ಹೆಚ್ಚಿನವರು ನೋಡಿರುತ್ತಾರೆ. 'ಗುರುತು ಪರಿಚಯ ಇಲ್ಲದವರ ಸಾವಿಗೆ ಪ್ರವಾಸಿಗಳು ಹೋಗಿ ಕೂರೋದು ತಪ್ಪಲ್ವಾ?' ತಪ್ಪಲ್ಲ ಎನ್ನುವುದು ನನ್ನ ಉತ್ತರ, ಆದರೆ ನೆಂಟರ ಹಾಗೆ ಹೋಗಿ ನೆಂಟರ ಹಾಗೆ ನಡೆದುಕೊಂಡರೆ ಮಾತ್ರ. ಮದುವೆಗೆ ಕರೆದರೆ ಹೋಗಬೇಕು, ಸಾವಿಗೆ ಕರೆಯದಿದ್ದರೂ ಹೋಗಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ತೊರಾಜದವರು ಈ ಮಾತನ್ನು ನಮಗಿಂತ ಗಟ್ಟಿಯಾಗಿ ಪಾಲಿಸುತ್ತಾರೆ.

ತೊರಾಜ ಇರುವುದು ಸುಲಾವೆಸಿ ದ್ವೀಪದ ದಕ್ಷಿಣ ಭಾಗದ ಬೆಟ್ಟಗಳಲ್ಲಿ. ಮಕಾಸ್ಸರ್ ನಗರದಿಂದ ರಾಂತೆಪಾವೊ ಪಟ್ಟಣಕ್ಕೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಘಟ್ಟ ಮುಗಿದಿರುತ್ತದೆ. 2021ರಲ್ಲಿ ವಿಮಾನ ನಿಲ್ದಾಣವೂ ಉದ್ಘಾಟನೆಯಾಗಿದೆ. ನಾನು ಉಳಿದುಕೊಂಡದ್ದು ಇನ್ನೂ ಮೇಲೆ, ಸೆಸಿಯಾನ್ ಬೆಟ್ಟದ ಇಳಿಜಾರಿನ ಬತುತುಮೊಂಗಾದಲ್ಲಿ. ಬೆಳಿಗ್ಗೆ ಕಣಿವೆ ತುಂಬ ಮೋಡ, ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾದ ಗದ್ದೆ, ಗದ್ದೆಯ ನಡುವೆ ಮನೆಯಷ್ಟು ದೊಡ್ಡ ಕರಿಬಂಡೆಗಳು. ಕೆಲವು ಬಂಡೆಗಳಲ್ಲಿ ಚೌಕಾಕಾರದ ಬಾಗಿಲುಗಳಿವೆ. ಅವು ಗೋರಿಗಳು. ಅದೇ ಬಂಡೆಯ ಬುಡದಲ್ಲಿ ಹೆಂಗಸರು ಸಸಿ ನೆಡುತ್ತಿರುತ್ತಾರೆ.

ಇಲ್ಲಿನ ಮನೆಗೆ ತೊಂಗ್ಕೊನಾನ್ ಎನ್ನುತ್ತಾರೆ. ಚಾವಣಿ ಎರಡೂ ತುದಿಯಲ್ಲಿ ಆಕಾಶಕ್ಕೆ ಬಾಗಿರುತ್ತದೆ, ಮುಖ ಉತ್ತರಕ್ಕೆ. ಎದುರು ಸಾಲಿನಲ್ಲಿ ಭತ್ತದ ಕಣಜಗಳು. ಕಣಜದ ಕೆಳಗಿನ ಕಟ್ಟೆಯೇ ಜಗಲಿ, ಬಂದವರನ್ನು ಮೊದಲು ಕೂರಿಸುವುದು ಅಲ್ಲೇ. ಕಪ್ಪು, ಕೆಂಪು, ಹಳದಿ, ಬಿಳಿ ಬಣ್ಣದ ಕೆತ್ತನೆ ಗೋಡೆ ತುಂಬ. ಮುಂದಿನ ಕಂಬಕ್ಕೆ ಕೋಣದ ಕೊಂಬುಗಳನ್ನು ಕೆಳಗಿನಿಂದ ಮೇಲಿನವರೆಗೆ ಜೋಡಿಸಿರುತ್ತಾರೆ. ಆ ಮನೆ ತನ್ನ ಹಿರಿಯರನ್ನು ಹೇಗೆ ಕಳಿಸಿಕೊಟ್ಟಿತು ಎಂಬ ಲೆಕ್ಕ ಅದು.

ಈ ಕಳಿಸಿಕೊಡುವ ಕಾರ್ಯಕ್ಕೆ ರಂಬು ಸೊಲೊ ಎಂದು ಹೆಸರು. ಅದು ನಡೆಯುವವರೆಗೆ ಸತ್ತವರು ಸತ್ತವರಲ್ಲ, ಮನೆಯಲ್ಲಿ ಮಲಗಿರುವ ಕಾಯಿಲೆಯವರು. ಊಟ, ಕಾಫಿ ಪಕ್ಕಕ್ಕಿಡುತ್ತಾರೆ, ಹೊರಗೆ ಹೋಗುವಾಗ ಹೇಳಿ ಹೋಗುತ್ತಾರೆ. ಹೀಗೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಕಳೆಯುತ್ತವೆ. ದೇಹ ಕೆಡದಂತೆ ಈಗ ಫಾರ್ಮಾಲಿನ್ ಬಳಸುತ್ತಾರೆ. ಇಷ್ಟು ತಡ ಯಾಕೆಂದರೆ ಜಕಾರ್ತಾ, ಕಾಲಿಮಂತಾನ್, ಪಪುವಾ ಎಂದು ದುಡಿಯಲು ಹೋದ ಮಕ್ಕಳೆಲ್ಲ ಬರಬೇಕು, ಹಣ ಕೂಡಬೇಕು. ಆದರೆ ಈ ತಡದಲ್ಲಿ ನನಗೆ ದೊಡ್ಡ ಕರುಣೆ ಕಂಡಿತು. ನಮ್ಮಲ್ಲಿ ಬೆಳಿಗ್ಗೆ ಹೋದವರು ಸಂಜೆಗೆ ಬೂದಿ. ಅಮ್ಮ ಇಲ್ಲ ಅನ್ನುವುದು ಮನಸ್ಸಿಗೆ ಇಳಿಯುವ ಮೊದಲೇ ಎಲ್ಲ ಮುಗಿದಿರುತ್ತದೆ. ಅಲ್ಲಿ ಮನೆಯವರಿಗೆ ಸಮಯ ಸಿಗುತ್ತದೆ.

ಕಾರ್ಯದ ದಿನಗಳಲ್ಲಿ ಅಂಗಳದ ಸುತ್ತ ಬಿದಿರಿನ ಚಪ್ಪರಗಳು ಏಳುತ್ತವೆ. ಒಂದೊಂದು ಕುಟುಂಬವೂ ಕಪ್ಪು ಬಟ್ಟೆ ಉಟ್ಟು ಸಾಲಾಗಿ ಬರುತ್ತದೆ, ಜೊತೆಗೆ ಕೋಣ, ಬಿದಿರಿಗೆ ಕಟ್ಟಿದ ಹಂದಿ. ಯಾರು ಏನು ತಂದರೆಂದು ಮೈಕಿನಲ್ಲಿ ಕೂಗುತ್ತಾರೆ. ಒಂದು ಕಡೆ ಪಾದ್ರಿಯ ಪ್ರಾರ್ಥನೆ, ಇನ್ನೊಂದು ಕಡೆ ಗಂಡಸರು ಕಿರುಬೆರಳು ಕೊಂಡಿ ಹಾಕಿ ವೃತ್ತದಲ್ಲಿ ನಿಂತು ಸತ್ತವರ ಬದುಕನ್ನು ಹಾಡುವ ಬಾದೊಂಗ್. ಇಲ್ಲಿ ಬಹುಪಾಲು ಜನ ಈಗ ಕ್ರೈಸ್ತರು. ಹಿರಿಯರ ಹಳೆಯ ಧರ್ಮ ಅಲುಕ್ ತೊ ದೊಲೊಗೆ 1969ರಲ್ಲಿ ಸರ್ಕಾರ ಹಿಂದೂ ಧರ್ಮದ ಅಡಿಯಲ್ಲಿ ಮಾನ್ಯತೆ ಕೊಟ್ಟಿತು. 'ಹಾಗಾದರೆ ಅವರು ನಮ್ಮವರೇ' ಎಂದು ನಮ್ಮಲ್ಲಿ ಕೆಲವರು ಖುಷಿಪಡುತ್ತಾರೆ. ಅದು ಕಾಗದದ ಮೇಲಿನ ಏರ್ಪಾಡು. ಆ ಧರ್ಮ ಪೂರ್ತಿ ಅವರದೇ.

ಆಮೇಲೆ ಕೋಣಗಳನ್ನು ಕಡಿಯುತ್ತಾರೆ. ಆತ್ಮ ದಕ್ಷಿಣದ ಪುಯಾ ಲೋಕಕ್ಕೆ ಅವುಗಳ ಜೊತೆ ಹೋಗುತ್ತದೆಂಬ ನಂಬಿಕೆ. ನೋಡುವುದು ಸುಲಭವಲ್ಲ, ಸುಲಭ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆ ಹೊತ್ತಿಗೆ ಎದ್ದು ಹಿಂದೆ ಸರಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಂಸ ಪಾಲಾಗಿ ಊರಿನ ಮನೆಮನೆಗೆ ಹೋಗುತ್ತದೆ, ಯಾರಿಗೆ ಯಾವ ಭಾಗ ಎಂಬುದಕ್ಕೂ ಕಟ್ಟಳೆ ಇದೆ.

ತಂದ ಪ್ರತಿ ಹಂದಿ, ಪ್ರತಿ ಕೋಣವನ್ನೂ ಬರೆದಿಡುತ್ತಾರೆ. ಇದು ನಮ್ಮ ಮುಯ್ಯಿಯೇ. ಇವತ್ತು ಅವರು ತಂದದ್ದನ್ನು ನಾಳೆ ಅವರ ಮನೆಯ ಸಾವಿಗೆ ಇವರು ಹಿಂತಿರುಗಿಸಬೇಕು, ಇವರಿಂದಾಗದಿದ್ದರೆ ಇವರ ಮಕ್ಕಳು. ಮಚ್ಚೆಯಿರುವ ತೆದೊಂಗ್ ಬೊಂಗಾ ಕೋಣಕ್ಕೆ ಅಲ್ಲಿನ ಹಣ ರುಪಿಯಾದಲ್ಲಿ ಕೋಟಿಗಟ್ಟಲೆ ಬೆಲೆ, ಅಂದರೆ ನಮ್ಮ ಲೆಕ್ಕದಲ್ಲಿ ಹಲವು ಲಕ್ಷ ರೂಪಾಯಿ. ಅವುಗಳಿಗೆ ಉಳುಮೆ ಹಚ್ಚುವುದಿಲ್ಲ, ಹುಡುಗರು ದಿನಾ ಹೊಳೆಯಲ್ಲಿ ಮೈ ತಿಕ್ಕುತ್ತಾರೆ. ಈ ಭಾರ ಹೊರಲಾರದೆ ಹೊಲ ಒತ್ತೆಯಿಡುವ ಮನೆಗಳಿವೆ. ಇಷ್ಟೊಂದು ಬೇಕೇ ಎಂದು ತೊರಾಜದ ಕಿರಿಯರೇ ವಾದಿಸುತ್ತಾರೆ. ಆ ವಾದ ಅವರ ಮನೆಯೊಳಗಿನದು, ತೀರ್ಮಾನವೂ ಅವರದೇ ಆಗಬೇಕು. ನನಗನ್ನಿಸಿದ್ದು ಇಷ್ಟೇ: ಜೀವವಿಡೀ ದುಡಿದದ್ದನ್ನು ಒಬ್ಬರಿಗೊಬ್ಬರು ಸಾಲವಾಗಿ ಕೊಟ್ಟುಕೊಂಡ ಊರಲ್ಲಿ ಯಾರೂ ಒಂಟಿಯಾಗಿ ಸಾಯುವುದಿಲ್ಲ.

ಇಷ್ಟೆಲ್ಲ ಜನ ಸೇರುವ ಜಾಗದಲ್ಲಿ ಇನ್ನೊಬ್ಬರು ಬಂದರೆ ಅದು ಸತ್ತವರಿಗೆ ಗೌರವ. ಸ್ಥಳೀಯರೊಬ್ಬರ ಜೊತೆ ಹೋಗಿ. ಗಾಢ ಬಣ್ಣದ ಬಟ್ಟೆ ಹಾಕಿ. ಸಕ್ಕರೆ, ಕಾಫಿಪುಡಿ ಅಥವಾ ಸಿಗರೇಟು ಒಯ್ದು ಮನೆಯವರ ಕೈಗೆ ಕೊಡಿ. ಕೂರಿಸಿದಲ್ಲಿ ಕೂತು ಕೊಟ್ಟದ್ದನ್ನು ಕುಡಿಯಿರಿ. ಫೋಟೊಗೆ ಮೊದಲು ಕೇಳಿ. ಮಾಂಸ ತಿನ್ನದವರೂ ಉಪವಾಸ ಬೀಳುವುದಿಲ್ಲ: ಕೆಂಪಕ್ಕಿ ಅನ್ನ, ಮರಗೆಣಸಿನ ಸೊಪ್ಪು ಮತ್ತು ಕಣ್ಣಲ್ಲಿ ನೀರು ತರಿಸುವ ಕಟೊಕ್ಕೊನ್ ಮೆಣಸಿನಕಾಯಿ ಅಲ್ಲಿ ಸಾಮಾನ್ಯ.

ಹೋಗಬೇಡಿ ಎಂದು ನಾನು ಕೈಮುಗಿದು ಹೇಳುವ ಜಾಗವೂ ಇದೆ. ಕಾರ್ಯವಾಗದೆ ಮಲಗಿರುವವರ ಕೋಣೆಗೆ, ಮನೆಯವರೇ ಬಾಯ್ತುಂಬ ಕರೆಯದ ಹೊರತು, ಹೋಗಬಾರದು. ಸುಗ್ಗಿಯ ನಂತರ ಕೆಲವು ಹಳ್ಳಿಗಳಲ್ಲಿ ಹಿರಿಯರ ದೇಹ ಹೊರತೆಗೆದು ಹೊಸ ಬಟ್ಟೆ ತೊಡಿಸುವ ಮಾನೆನೆ ನಡೆಯುತ್ತದೆ. ಅದು ಮೊಮ್ಮಕ್ಕಳು ಅಜ್ಜನನ್ನು ನೋಡುವ ದಿನ, ನಮ್ಮ ಸೆಲ್ಫಿಯ ದಿನ ಅಲ್ಲ. ಸತ್ತವರನ್ನು ಇಡುವ ಲೊಂಡಾದ ಗುಹೆಗಳಲ್ಲಿ ತಲೆಬುರುಡೆ ಮುಟ್ಟಿ ಪಕ್ಕ ನಿಲ್ಲುವವರನ್ನು ಕಂಡು ನನಗೆ ಸಿಟ್ಟು ಬಂತು. ಸತ್ತವರ ರೂಪದಲ್ಲಿ ಮರದಿಂದ ಕೆತ್ತಿ ಬಂಡೆಯ ಮೇಲೆ ನಿಲ್ಲಿಸುವ ತೌ-ತೌ ಬೊಂಬೆಗಳಲ್ಲಿ ಎಷ್ಟೋ ಕಳುವಾಗಿ ಹೊರದೇಶದ ಸಂಗ್ರಾಹಕರ ಪಾಲಾದವು. ಇವತ್ತು ಹಲವು ಗುಹೆಗಳ ಬಾಯಿಗೆ ಕಬ್ಬಿಣದ ಸರಳು ಹಾಕಿರುವುದು ಅದಕ್ಕೇ. ಅತಿಥಿಗಳಿಗೆ ಹೆದರಿ ಅಜ್ಜ ಅಜ್ಜಿಯರನ್ನು ಸರಳಿನ ಹಿಂದೆ ಇಡಬೇಕಾಯಿತು.

ದೊಡ್ಡ ಕಾರ್ಯಗಳು ಹೆಚ್ಚಾಗಿ ಜುಲೈ, ಆಗಸ್ಟ್ ಮತ್ತು ಡಿಸೆಂಬರಿನಲ್ಲಿ, ದೂರದವರಿಗೆ ರಜೆ ಸಿಕ್ಕಾಗ. ನೀವು ಹೋದಾಗ ಯಾವುದೂ ಇಲ್ಲದಿದ್ದರೆ ಬೇಸರ ಬೇಡ. ರಾಂತೆಪಾವೊ ಹತ್ತಿರದ ಬೋಲು ಸಂತೆಯಲ್ಲಿ ಕೋಣಗಳ ವ್ಯಾಪಾರ ನೋಡಿ, ಆಮೇಲೆ ಬೆಟ್ಟ ಹತ್ತಿ ಯಾರದಾದರೂ ಕಣಜದ ಜಗಲಿಯಲ್ಲಿ ಕಾಫಿ ಕೇಳಿ. ಆ ಬೆಟ್ಟಗಳಲ್ಲಿ ಬೆಳೆಯುವ ಅರೇಬಿಕಾ ತಳಿಗಳಲ್ಲಿ ಒಂದು ಎಸ್ 795, ನಮ್ಮ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ 1940ರ ದಶಕದಲ್ಲಿ ರೂಪುಗೊಂಡದ್ದು. ಇಂಡೊನೇಷ್ಯಾದಲ್ಲಿ ಅದನ್ನು ಜೆಂಬರ್ ಎಂದು ಕರೆಯುತ್ತಾರೆ. ಚಿಕ್ಕಮಗಳೂರಿನವರು ಹೋದರೆ ಈ ಸಂಗತಿ ಹೇಳಿ, ಮಾತು ತಾನೇ ಬೆಳೆಯುತ್ತದೆ.