ಬರ್ಲಿನ್‌ನ ಲೀಸೆ ಮೈಟ್ನರ್ ಮತ್ತು ಒಂದು ಪಾಸ್‌ಪೋರ್ಟ್

ಬರ್ಲಿನ್‌ಗೆ ಬಂದವರೆಲ್ಲ ಗೋಡೆ ಎಲ್ಲಿತ್ತು ಅಂತಲೇ ಕೇಳುತ್ತಾರೆ. ಗೋಡೆ ತೋರಿಸಿದ ಮೇಲೆ ನಾನು ಅವರನ್ನು ಡಾಲೆಮ್ ಬಡಾವಣೆಗೂ ಕರೆದೊಯ್ಯುತ್ತೇನೆ. ಅಲ್ಲಿ ಫ್ರೀ ಯೂನಿವರ್ಸಿಟಿಯ ಹಳೇ ಕಟ್ಟಡವೊಂದಿದೆ. 1938ರ ಡಿಸೆಂಬರ್‌ನಲ್ಲಿ ಒಟ್ಟೊ ಹಾನ್ ಮತ್ತು ಫ್ರಿಟ್ಸ್ ಸ್ಟ್ರಾಸ್‌ಮನ್ ಯುರೇನಿಯಂ ಪರಮಾಣುವನ್ನು ಒಡೆದದ್ದು ಅಲ್ಲೇ. ಒಡೆದದ್ದೇನೋ ಸರಿ, ಆದದ್ದೇನು ಅಂತ ಬಿಡಿಸಿ ಹೇಳಿದ ಫಿಸಿಕ್ಸ್ ವಿಜ್ಞಾನಿ ಲೀಸೆ ಮೈಟ್ನರ್ ಮಾತ್ರ ಆಗ ಅಲ್ಲಿರಲಿಲ್ಲ.

ವಿಯೆನ್ನಾದಲ್ಲಿ ಹುಟ್ಟಿದ ಲೀಸೆ ಬರ್ಲಿನ್‌ಗೆ ಬಂದದ್ದು 1907ರಲ್ಲಿ. ಡಾಕ್ಟರೇಟ್ ಇತ್ತು, ಸಂಬಳ ಇರಲಿಲ್ಲ. ಕೆಮಿಸ್ಟ್ರಿ ಸಂಸ್ಥೆಗೆ ಹೆಂಗಸರು ಕಾಲಿಡುವಂತಿಲ್ಲ. ಹಾಗಾಗಿ ಬೇರೆ ಬಾಗಿಲಿನಿಂದ ಬಂದು, ನೆಲಮಾಳಿಗೆಯ ಹಳೇ ಬಡಗಿ ಕೋಣೆಯಲ್ಲಿ ಹಾನ್ ಜೊತೆ ಕೆಲಸ. 1926ರ ಹೊತ್ತಿಗೆ ಅವರೇ ಜರ್ಮನಿಯಲ್ಲಿ ಫಿಸಿಕ್ಸ್ ಪ್ರೊಫೆಸರ್ ಆದ ಮೊದಲ ಮಹಿಳೆ.

ನಾನಿಲ್ಲಿ ರೆಸಿಡೆನ್ಸ್ ಪರ್ಮಿಟ್ ಮೇಲೆ ಬದುಕುವವಳು. ಅದಕ್ಕೇ ಇರಬೇಕು, ಅವರ ಕಥೆಯಲ್ಲಿ ನನ್ನ ಕಣ್ಣು ಹೋಗುವುದು ಪಾಸ್‌ಪೋರ್ಟ್ ಕಡೆಗೆ. ಯಹೂದಿ ಮನೆತನದವರು ಅನ್ನುವ ಕಾರಣಕ್ಕೆ 1933ರಲ್ಲಿ ಪಾಠ ಮಾಡುವ ಹಕ್ಕು ಹೋಯಿತು. ಆದರೆ ಆಸ್ಟ್ರಿಯಾ ಪ್ರಜೆಯಾಗಿದ್ದರಿಂದ ಸಂಶೋಧನೆ ಹೇಗೋ ನಡೆಯಿತು. 1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನೇ ನುಂಗಿದ. ಆ ಪಾಸ್‌ಪೋರ್ಟ್ ರಾತ್ರೋರಾತ್ರಿ ಬರೀ ಕಾಗದ. ದೇಶ ಬಿಡಲು ಅನುಮತಿಯೂ ಸಿಗಲಿಲ್ಲ. ಮೂವತ್ತು ವರ್ಷ ಒಂದೇ ಊರಲ್ಲಿ ದುಡಿದವರ ಪಾಡು ಇದು! ಪರ್ಮಿಟ್ ರಿನ್ಯೂ ಮಾಡಿಸಲು ನಾವು ಗೊಣಗುವುದನ್ನು ಇದರ ಪಕ್ಕ ಇಡುವ ಹಾಗೇ ಇಲ್ಲ, ಬಿಡಿ.

ಜುಲೈ 13ರಂದು ಡಚ್ ವಿಜ್ಞಾನಿ ಡಿರ್ಕ್ ಕೋಸ್ಟರ್ ಜೊತೆ ರೈಲಿನಲ್ಲಿ ಗಡಿ ದಾಟಿದರು. ವಯಸ್ಸು 59, ಪರ್ಸ್‌ನಲ್ಲಿ 10 ಮಾರ್ಕ್. ಕಾವಲಿನವರಿಗೆ ಲಂಚ ಕೊಡಬೇಕಾಗಿ ಬಂದರೆ ಇರಲಿ ಅಂತ ಹಾನ್ ತಮ್ಮ ತಾಯಿಯ ವಜ್ರದುಂಗುರ ಕೊಟ್ಟಿದ್ದರು. ಹಾಲೆಂಡ್‌ನಿಂದ ಮುಂದೆ ಸ್ವೀಡನ್.

ಅಲ್ಲಿಗೆ ಹಾನ್ ಕಾಗದ ಬಂತು: ಯುರೇನಿಯಂಗೆ ನ್ಯೂಟ್ರಾನ್ ಹೊಡೆದರೆ ಬೇರಿಯಂ ಸಿಗ್ತಿದೆ, ಇದು ಹೇಗೆ? ಬೇರಿಯಂ ಅಂದರೆ ಹೆಚ್ಚುಕಡಿಮೆ ಅರ್ಧ ತೂಕದ ಧಾತು. ಕ್ರಿಸ್‌ಮಸ್ ರಜೆಯಲ್ಲಿ ಕುಂಗೆಲ್ವ್ ಎಂಬ ಊರಿನ ಹಿಮದಲ್ಲಿ ಅಕ್ಕನ ಮಗ ಒಟ್ಟೊ ಫ್ರಿಶ್ ಜೊತೆ ಸುತ್ತಾಡುತ್ತ ಲೀಸೆ ಯೋಚಿಸಿದರು. ಪರಮಾಣುವಿನ ನಡುವಿನ ನ್ಯೂಕ್ಲಿಯಸ್ ಗಟ್ಟಿ ಗುಂಡಲ್ಲ, ನೀರಿನ ಹನಿಯ ಹಾಗೆ. ಉದ್ದಕ್ಕೆ ಎಳೆದು ಎರಡಾಗಬಹುದು. ಮರದ ದಿಮ್ಮಿಯ ಮೇಲೆ ಕೂತು ಚೀಟಿಗಳಲ್ಲಿ ಲೆಕ್ಕ ಹಾಕಿದರು. ತುಣುಕುಗಳು ಒಂದನ್ನೊಂದು ದೂಡುವ ಶಕ್ತಿ ಸುಮಾರು 200 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಒಂದೇ ಪರಮಾಣುವಿಗೆ ಅದು ಭಾರಿ ಶಕ್ತಿ. ಅಷ್ಟೊಂದು ಎಲ್ಲಿಂದ? ಒಡೆಯುವಾಗ ಕಮ್ಮಿಯಾಗುವ ತೂಕವನ್ನು, ತೂಕ ಎಷ್ಟು ಶಕ್ತಿಯಾಗುತ್ತೆ ಅಂತ ಹೇಳುವ ಐನ್‌ಸ್ಟೈನ್ ಸೂತ್ರಕ್ಕೆ ಹಾಕಿದರೆ ಅದೂ ಅಷ್ಟೇ! 1939ರ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಅಚ್ಚಾಯಿತು.

ಅಣುಬಾಂಬ್ ಕೆಲಸಕ್ಕೆ ಕರೆದಾಗ ಲೀಸೆ ಆಗಲ್ಲ ಅಂದರು. 1944ರ ಕೆಮಿಸ್ಟ್ರಿ ನೊಬೆಲ್ ಹಾನ್ ಒಬ್ಬರಿಗೇ ಹೋಯಿತು. ನನ್ನ ಮಟ್ಟಿಗೆ ಅದು ಅನ್ಯಾಯವೇ. ಮ್ಯೂನಿಕ್‌ನ ಮ್ಯೂಸಿಯಂನಲ್ಲಿ ಆ ಪ್ರಯೋಗದ ಮೇಜನ್ನು ಎಷ್ಟೋ ವರ್ಷ ಹಾನ್ ಮೇಜು ಅಂತಲೇ ತೋರಿಸುತ್ತಿದ್ದರು. ಡಾಲೆಮ್ ಕಟ್ಟಡಕ್ಕೂ ಅವರದೊಂದೇ ಹೆಸರಿತ್ತು. ಮೈಟ್ನರ್ ಹೆಸರು ಸೇರಿದ್ದು 2010ರಲ್ಲಿ.

ಧಾತುಗಳ ಪಟ್ಟಿಯಲ್ಲಿ ಮಾತ್ರ ಲೆಕ್ಕ ಉಲ್ಟಾ. 1997ರಲ್ಲಿ 109ನೆಯದಕ್ಕೆ ಮೈಟ್ನೀರಿಯಂ ಎಂಬ ಹೆಸರು ಖಾಯಂ ಆಯಿತು. 105ನೆಯದಕ್ಕೆ ಹಾನ್ ಹೆಸರಿಡಬೇಕು ಅಂತ ಅಮೆರಿಕದವರು ಕೇಳಿದ್ದರು. ಅದೇ ವರ್ಷ ಅದು ಡುಬ್ನಿಯಂ ಆಯಿತು.