ಎಂಆರ್‌ಐ ಮೆಷಿನ್ ಒಳಗೆ ಕನ್ನಡ ಪದ ಓದಿದ್ದು

ಅಕ್ಕನ ಮಗಳು ಮೆದುಳು, ನೆನಪು ಅಂತ ಎಂತದ್ದೋ ರಿಸರ್ಚ್ ಮಾಡ್ತಾಳೆ. "ಮಾವ, ಕನ್ನಡ ಸರಿ ಓದುವವರು ಬೇಕು, ಬನ್ನಿ" ಅಂದ್ಲು. ಬದಿಯಡ್ಕದಿಂದ ಕುಂಬಳೆಗೆ ಬಸ್ಸು, ಅಲ್ಲಿಂದ ಟ್ರೈನಲ್ಲಿ ಮಂಗಳೂರು. ಕನ್ನಡ ಮೀಡಿಯಂನಲ್ಲಿ ಕಲಿತ ಕಾಸರಗೋಡಿನವನಿಗೆ ಇಷ್ಟು ಡಿಮ್ಯಾಂಡ್ ಬಂದದ್ದು ಇದೇ ಸುರುವೋ ಏನೋ.

ಮೊದಲು ಲ್ಯಾಪ್‌ಟಾಪಲ್ಲಿ ಒಂದೊಂದೇ ಪದ ತೋರಿಸಿದ್ರು, ಆಮೇಲೆ ಮೆಷಿನ್. ಮೊಬೈಲು, ಉಂಗುರ ತೆಗ್ದಾಯ್ತು, ಆದ್ರೆ ಸೊಂಟದ ಬೆಳ್ಳಿ ಉಡಿದಾರ ವರ್ಷಗಟ್ಲೆ ಬಿಚ್ಚದ್ದು, ಕೊಂಡಿ ಜಪ್ಪಯ್ಯ ಅಂದ್ರೂ ಬಿಡ್ಲಿಲ್ಲ, ಕೊನೆಗೆ ಹೊರಗಿನ ರೂಮಲ್ಲಿ ಟೆಕ್ನೀಶಿಯನ್ ಇಕ್ಕಳ ತಂದು ಬಿಡಿಸಿದ. ಒಳಗೆ ಮಲಗಿದ್ರೆ ಕಣ್ಣಿನ ಮೇಲೊಂದು ಕನ್ನಡಿ, ಅದ್ರಲ್ಲಿ ಸ್ಕ್ರೀನು ಕಾಣ್ತದೆ. ಮೊದಲೇ ನೋಡಿದ ಪದ ಆದ್ರೆ ತೋರುಬೆರಳಲ್ಲಿ ಬಟನ್ ಒತ್ಬೇಕು, ಹೊಸತಾದ್ರೆ ನಡುಬೆರಳಲ್ಲಿ.

"ನಿಯಮ" ಅಂತ ಬಂತು. ನೋಡಿದ್ದೇ ಅನ್ನಿಸ್ತು, ಬೇರೆ ಎಂತದ್ದೂ ನೆನಪಾಗ್ಲಿಲ್ಲ. ಸ್ವಲ್ಪ ಹೊತ್ತಲ್ಲಿ "ಸುರಂಗ". ಇದರ ಕಥೆಯೇ ಬೇರೆ, ಲ್ಯಾಪ್‌ಟಾಪಲ್ಲಿ ಇದು ಬಂದಾಗ ನಮ್ಮ ತೋಟದಲ್ಲಿ ನೀರಿಗೆಂದು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಈ ಸಲ ಎಪ್ರಿಲಿಗೇ ಸಪುರ ಆದದ್ದು ತಲೆಗೆ ಹೋಗಿತ್ತು, ಆಗ್ಲೇ ಪಕ್ಕದಲ್ಲಿ ಯಾರೋ ಕೆಮ್ಮಿದ್ರು, ಅದೆಲ್ಲ ಒಟ್ಟಿಗೇ ವಾಪಸ್ ಬಂತು. ಎರಡಕ್ಕೂ ಒತ್ತಿದ್ದು ಅದೇ ಬೆರಳು, ಆದ್ರೆ ಒಳಗೆ ಆದದ್ದು ಒಂದೇ ಅಲ್ಲ, ಅದು ಗ್ಯಾರಂಟಿ.

ಹೊರಗೆ ಬಂದು ಹೇಳಿದ್ರೆ ಅವ್ಳಿಗೆ ಖುಷಿಯೋ ಖುಷಿ. ನೆನಪಾದದ್ದಾ, ಬರೀ ಗೊತ್ತುಂಟು ಅನ್ನಿಸಿದ್ದಾ ಅಂತ ಬೇರೆಬೇರೆ ಮಾಡಿ ಕೇಳುವ ಕ್ರಮವನ್ನು ಟುಲ್ವಿಂಗ್ ಅನ್ನುವ ಮನಶ್ಶಾಸ್ತ್ರಜ್ಞರು 1985ರಲ್ಲೇ ಬರೆದಿದ್ರಂತೆ. ಸಂದರ್ಭ ಸಮೇತ ನೆನಪಾದ್ರೆ ಮೆದುಳಿನೊಳಗೆ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಅನ್ನುವ ಭಾಗದ ಕೆಲಸ ಜಾಸ್ತಿ ಕಾಣ್ತದಂತೆ. "ಹಾಗಾದ್ರೆ ನನ್ನ ಸುರಂಗ ಎಲ್ಲುಂಟು ತೋರ್ಸು" ಅಂದೆ. ನಗಾಡಿದ್ಲು. ಮೆಷಿನ್ ಹಿಡಿಯುವುದು ರಕ್ತದ ಆಕ್ಸಿಜನ್ ವ್ಯತ್ಯಾಸವನ್ನು, ಅದು ಏರಿ ತುದಿ ಮುಟ್ಲಿಕ್ಕೇ 5-6 ಸೆಕೆಂಡು ಬೇಕು, ಒಂದು ಪದದಿಂದ ಎಂತದ್ದೂ ಗೊತ್ತಾಗುದಿಲ್ಲ, ತುಂಬ ಪದ ತುಂಬ ಜನರದ್ದು ಸೇರಿಸಿ ಸರಾಸರಿ ತೆಗೀಬೇಕು. ಪೇಪರಲ್ಲಿ ಬರುವ ಮೆದುಳಿನ ಚಿತ್ರದ ಕೆಂಪು ಹಳದಿ ಎಲ್ಲ ಆ ಲೆಕ್ಕ ಮುಗಿದ ಮೇಲೆ ಕಂಪ್ಯೂಟರಲ್ಲಿ ಹಾಕುವ ಬಣ್ಣ. ಪೇಪರಿನವರು ಅದನ್ನೊಂದು ಬಿಟ್ಟು ಬಾಕಿ ಎಲ್ಲ ಬರೀತಾರೆ.

ಸೆಕೆಂಡಿನೊಳಗೆ ಆಗುವುದನ್ನು ಹಿಡೀಲಿಕ್ಕೆ ಇಇಜಿ, ಅಂದ್ರೆ ತಲೆ ಮೇಲಿಂದ ಮೆದುಳಿನ ಕರೆಂಟು ಅಳೆಯುವ ಪರೀಕ್ಷೆ ಬೇಕಂತೆ. ಗೊತ್ತುಂಟು ಅನ್ನುವ ಸಿಗ್ನಲ್ ಪದ ಕಂಡು 300ರಿಂದ 500 ಮಿಲಿಸೆಕೆಂಡಲ್ಲಿ ತಲೆಯ ಮುಂದಿನ ಬದಿಗೆ, ನೆನಪಾದದ್ದು 500 ದಾಟಿದ ಮೇಲೆ ಹಿಂದೆ ಎಡಬದಿಗೆ. ಅದಕ್ಕೂ ಬರ್ಬೇಕಂತೆ ನಾನು. ತಲೆಗೆಲ್ಲ ಜೆಲ್ ಹಚ್ಲಿಕ್ಕುಂಟು, ಕೂದಲು ಅಡ್ಡ ಬಂದ್ರೆ ಭಾರೀ ಕಷ್ಟ, "ನಿಮ್ಗಾದ್ರೆ ಆ ತೊಂದರೆ ಇಲ್ಲಲ್ಲ ಮಾವ" ಅಂದ್ಲು.