ಅಂಗಿಯ ಗುಂಡಿ ಮತ್ತು ಸೈಕಲ್ಲಿನ ಹ್ಯಾಂಡಲ್

ನಾಲ್ಕನೆಯ ದಿನದ ಸಂಜೆ ಅಂಗಿಯ ಗುಂಡಿ ಹಾಕಿಕೊಳ್ಳಲು ನನ್ನಿಂದ ಆಗಲಿಲ್ಲ. ಸ್ನಾನ ಮುಗಿಸಿ, ಒಣಗಿದ ಅಂಗಿ ತೊಟ್ಟು, ಕೊರಳ ಬಳಿಯ ಗುಂಡಿಗೆ ಕೈ ಹಾಕಿದೆ. ಗುಂಡಿ ಕಾಜದ ಅಂಚಿನವರೆಗೆ ಬಂದು ಜಾರಿತು. ಮತ್ತೆ ಹಿಡಿದೆ, ಮತ್ತೆ ಜಾರಿತು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಅದನ್ನು ಒತ್ತಿ ಹಿಡಿಯುವಷ್ಟು ಕಸುವು ಬಲಗೈಯಲ್ಲಿ ಉಳಿದಿರಲಿಲ್ಲ. ಕಿರುಬೆರಳು, ಉಂಗುರ ಬೆರಳು ಮಧ್ಯಾಹ್ನದಿಂದಲೇ ಜೋಮು ಹಿಡಿದಿದ್ದವು. ಚಿವುಟಿದರೆ ದಪ್ಪ ಬಟ್ಟೆಯ ಮೇಲಿಂದ ಚಿವುಟಿದ ಹಾಗಿತ್ತು. ದಿನಕ್ಕೆ ಸುಮಾರು 90 ಕಿಲೋಮೀಟರ್ ಸೈಕಲ್ ತುಳಿಯುತ್ತಿದ್ದೆ. ಕಾಲು ಗಟ್ಟಿಯಾಗಿಯೇ ಇತ್ತು, ಬೆನ್ನು ಹಿಡಿದಿರಲಿಲ್ಲ, ಸೋತದ್ದು ಕೈ. ಒಂಬತ್ತು ದಿನಕ್ಕೆಂದು ಹೊರಟ ಪ್ರವಾಸವನ್ನು ಐದನೆಯ ದಿನ ನಿಲ್ಲಿಸಿದೆ. ಬೆರಳುಗಳಿಗೆ ಪೂರ್ತಿ ಜೀವ ಬರಲು ಮೂರು ವಾರ ಹಿಡಿಯಿತು.

ಮೊಣಕೈ ಗೋಡೆಗೆ ತಗುಲಿದಾಗ ಕರೆಂಟು ಹೊಡೆದಂತೆ ಆಗುತ್ತದಲ್ಲ, ಆ ನರದ ಹೆಸರು ಅಲ್ನಾರ್. ಅದು ಮುಂಗೈಯಲ್ಲಿ ಇಳಿದು, ಮಣಿಕಟ್ಟಿನಲ್ಲಿ ಕಿರುಬೆರಳಿನ ಕಡೆ ಇರುವ ಇಕ್ಕಟ್ಟಾದ ಸಂದಿಯೊಂದರ ಮೂಲಕ ಅಂಗೈಗೆ ಬರುತ್ತದೆ. ವೈದ್ಯರು ಅದನ್ನು ಗಯೋನ್ ಕಾಲುವೆ ಎನ್ನುತ್ತಾರೆ. ಹ್ಯಾಂಡಲ್ ಮೇಲೆ ನಾವು ಭಾರ ಊರುವುದು ಹೆಚ್ಚುಕಡಿಮೆ ಅದರ ಮೇಲೆಯೇ. ಗಂಟೆಗಟ್ಟಲೆ ಒತ್ತಡ ಬಿದ್ದರೆ ಮೊದಲು ಆ ಎರಡು ಬೆರಳು ಜೋಮು ಹಿಡಿಯುತ್ತವೆ, ಮುಂದುವರಿದರೆ ಹಿಡಿತದ ಬಲವೇ ಕುಂದುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಲೆಕ್ಕ ಬೇರೆ. ಅದು ಮಣಿಕಟ್ಟಿನ ನಡುವೆ ಹಾದುಹೋಗುವ ಮೀಡಿಯನ್ ನರದ ದೂರು. ಮಣಿಕಟ್ಟು ಬಹಳ ಹೊತ್ತು ಮೇಲಕ್ಕೆ ಬಾಗಿದ್ದರೆ ಹಾಗಾಗುತ್ತದೆ. ಆದ್ದರಿಂದ ಕೈ ನೋವು ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಯಾವ ಬೆರಳು ಎಂದು. ಸವಾರಿ ನಿಲ್ಲಿಸಿದ ಮೇಲೂ ಜೋಮು ಇಳಿಯದಿದ್ದರೆ, ವಸ್ತುಗಳು ಕೈಯಿಂದ ಜಾರತೊಡಗಿದರೆ, ಹ್ಯಾಂಡಲ್ ಬದಲಿಸುವ ಯೋಚನೆ ಬಿಟ್ಟು ವೈದ್ಯರನ್ನು ಕಾಣಬೇಕು. ನಾನು ಒಂದು ದಿನ ತಡ ಮಾಡಿದೆ.

ಮನೆಗೆ ಬಂದವನು ಮೊದಲು ಕೊಂಡದ್ದು ದಪ್ಪ ಫೋಮ್ ಹಿಡಿಗಳು ಮತ್ತು ಜೆಲ್ ತುಂಬಿದ ಕೈಗವಸು. ಹತ್ತು ಕಿಲೋಮೀಟರ್ ಹಿತವಾಗಿತ್ತು. ಐವತ್ತು ದಾಟುವಷ್ಟರಲ್ಲಿ ಫೋಮ್ ಚಪ್ಪಟೆಯಾಗಿ, ಅಂಗೈ ಅದರಲ್ಲಿ ಹೂತುಕೊಂಡು, ಅದೇ ಜಾಗದಲ್ಲಿ ಅದೇ ಒತ್ತಡ. ಮೆತ್ತನೆಯ ಹಾಸಿಗೆಯಲ್ಲಿ ಮಲಗಿದವರೂ ರಾತ್ರಿಯಲ್ಲಿ ಮಗ್ಗುಲು ಬದಲಿಸುತ್ತಾರೆ. ಕೈಗೂ ಅಷ್ಟೇ ಬೇಕಾಗಿತ್ತು, ಮಗ್ಗುಲು ಬದಲಿಸಲು ಒಂದಿಷ್ಟು ಜಾಗ. ನೇರ ಹ್ಯಾಂಡಲ್‌ನಲ್ಲಿ ಆ ಜಾಗ ಇರಲಿಲ್ಲ.

ಆದರೆ ಹ್ಯಾಂಡಲ್‌ಗೆ ಹಣ ಸುರಿಯುವ ಮೊದಲು ಸೀಟು ನೋಡಿ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ನನ್ನ ಕಾಯಿಲೆಯ ಅರ್ಧ ಅಲ್ಲಿತ್ತು. ನನ್ನ ಸೀಟಿನ ಮೂತಿ ಒಂದಿಷ್ಟು ಕೆಳಗೆ ಬಾಗಿತ್ತು. ನೋಡಿದರೆ ತಿಳಿಯದಷ್ಟು, ಮಟ್ಟಗೋಲು ಇಟ್ಟಾಗ ತಿಳಿಯಿತು. ಮೈ ಸದಾ ಮುಂದಕ್ಕೆ ಜಾರುತ್ತಿತ್ತು, ಕೈ ಅದನ್ನು ಹಿಂದಕ್ಕೆ ತಳ್ಳಿ ಹಿಡಿದಿತ್ತು, ದಿನಕ್ಕೆ ಆರೇಳು ಗಂಟೆ. ಸೀಟನ್ನು ಸಮಮಟ್ಟಕ್ಕೆ ತಂದು, ಒಂದು ಸೆಂಟಿಮೀಟರ್ ಹಿಂದಕ್ಕೆ ಸರಿಸಿದೆ. ಇದನ್ನು ಪರೀಕ್ಷಿಸುವುದು ಸುಲಭ: ವಾಹನಗಳಿಲ್ಲದ ಸಮತಟ್ಟು ರಸ್ತೆಯಲ್ಲಿ ಎಂದಿನ ವೇಗದಲ್ಲಿ ತುಳಿಯುತ್ತಾ ಎರಡೂ ಅಂಗೈಗಳನ್ನು ಹ್ಯಾಂಡಲ್‌ನಿಂದ ಕೂದಲೆಳೆಯಷ್ಟು ಎತ್ತಿ ನೋಡಿ. ಎದೆ ಮುಂದಕ್ಕೆ ಕುಸಿದರೆ, ಕೈ ಹೊರಬಾರದ ಭಾರ ಹೊರುತ್ತಿದೆ ಎಂದೇ ಅರ್ಥ.

ಉಳಿದರ್ಧ ಹ್ಯಾಂಡಲ್ಲಿನದು. ಎರಡು ಪೆನ್ಸಿಲ್‌ಗಳನ್ನು ಎರಡು ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಸೈಕಲ್ ಮೇಲೆ ಕುಳಿತಂತೆ ತೋಳು ಚಾಚಿ, ಕಣ್ಣು ತೆರೆಯಿರಿ. ಪೆನ್ಸಿಲ್‌ಗಳು ಒಂದೇ ಸಾಲಿನಲ್ಲಿ ಇರುವುದಿಲ್ಲ. ಹೊರತುದಿಗಳು ನಿಮ್ಮತ್ತ ತಿರುಗಿರುತ್ತವೆ. ಸಾಮಾನ್ಯ ನೇರ ಹ್ಯಾಂಡಲ್ ಸವಾರನತ್ತ ಬಾಗುವುದು 5ರಿಂದ 9 ಡಿಗ್ರಿ ಮಾತ್ರ. ಮಿಕ್ಕಿದ್ದನ್ನು ಮಣಿಕಟ್ಟು ತಿರುಚಿಕೊಂಡು ಸರಿದೂಗಿಸುತ್ತದೆ. ನೇರ ಹ್ಯಾಂಡಲ್ ಕಲ್ಲುಮಣ್ಣಿನ ಹಾದಿಯಲ್ಲಿ ಬಹಳ ಒಳ್ಳೆಯದು, ಸೈಕಲ್ಲಿನ ಮೇಲೆ ಅದು ಕೊಡುವ ಹತೋಟಿಗೆ ಸಾಟಿಯಿಲ್ಲ. ದಿನವಿಡೀ ಡಾಂಬರಿನ ಮೇಲೆ ತುಳಿಯುವವನಿಗೆ ಅದು ಒಂದೇ ಭಂಗಿಯ ಸೆರೆ. ತುದಿಗಳಿಗೆ ಮುಂದಕ್ಕೆ ಚಾಚುವ ಗಿಡ್ಡ ಕೊಂಬುಗಳನ್ನು ಬಿಗಿದುಕೊಂಡರೆ ಇನ್ನೊಂದು ಹಿಡಿತ ಸಿಗುತ್ತದೆ, ಅಂಗೈಗಳು ಒಂದಕ್ಕೊಂದು ಎದುರಾಗುವ ಹಿಡಿತ. ಕಡಿಮೆ ಖರ್ಚಿನಲ್ಲಿ ಇಷ್ಟು ಉಪಕಾರ ಮಾಡುವ ಇನ್ನೊಂದು ಬಿಡಿಭಾಗ ನನಗೆ ಗೊತ್ತಿಲ್ಲ. ಹೊಸಬರು ಅಲ್ಲಿಂದ ಶುರು ಮಾಡಬಹುದು.

ಗೆಳೆಯನೊಬ್ಬ ಟಗರಿನ ಕೊಂಬಿನಂತೆ ಸುರುಳಿಯಾಗಿ ಕೆಳಗಿಳಿಯುವ ಡ್ರಾಪ್ ಹ್ಯಾಂಡಲ್ ಇರುವ ತನ್ನ ಸೈಕಲನ್ನು ಮೂರು ದಿನಕ್ಕೆ ಕೊಟ್ಟಿದ್ದ. ಅದರ ಸುಖವನ್ನು ಇನ್ನೂ ಮರೆತಿಲ್ಲ. ಮೇಲಿನ ಅಡ್ಡಪಟ್ಟಿ, ಬ್ರೇಕ್ ಹಿಡಿಗಳ ನೆತ್ತಿ, ಕೆಳಗಿನ ಸುರುಳಿ ಹೀಗೆ ಮೂರು ನೆಲೆ. ಎದುರುಗಾಳಿ ಬೀಸಿದಾಗ ತಗ್ಗಿ ಕುಳಿತರೆ ಗಾಳಿ ಬೆನ್ನ ಮೇಲೆ ಹರಿದುಹೋಗುತ್ತಿತ್ತು. ಪ್ರವಾಸಕ್ಕೆ ಕೊಳ್ಳುವವರು ಸುರುಳಿಯ ಆಳ ಕಡಿಮೆ ಇರುವ, ತುದಿಗಳು ಹೊರಕ್ಕೆ ಅರಳಿರುವ ಬಗೆಯನ್ನೇ ಆರಿಸಬೇಕು. ಎಷ್ಟು ಆಳವಿದ್ದರೂ ಸೊಂಟ ಬಾಗದಿದ್ದರೆ ಆ ಕೆಳಗಿನ ಜಾಗ ವ್ಯರ್ಥ.

ನನ್ನ ಸೈಕಲ್ಲಿಗೆ ಅದನ್ನು ಹಾಕಲು ಹೊರಟಾಗ ಲೆಕ್ಕ ಬದಲಾಯಿತು. ನೇರ ಹ್ಯಾಂಡಲ್ಲಿನಲ್ಲಿ ಹಿಡಿ ಮತ್ತು ಬ್ರೇಕ್ ಕೂರುವ ಭಾಗದ ವ್ಯಾಸ 22.2 ಮಿಲಿಮೀಟರ್, ಡ್ರಾಪ್‌ನಲ್ಲಿ 23.8. ಒಂದರ ಬ್ರೇಕ್, ಗೇರ್ ಹಿಡಿಗಳು ಇನ್ನೊಂದಕ್ಕೆ ಕೂರುವುದಿಲ್ಲ. ನನ್ನದು ವಿ ಬ್ರೇಕ್, ಎರಡು ಉದ್ದ ತೋಳುಗಳಿಂದ ಚಕ್ರದ ಅಂಚನ್ನು ಹಿಂಡುವ ಬಗೆ. ಅದು ಹೆಚ್ಚು ಕೇಬಲ್ ಎಳೆಯುವ ಹಿಡಿಯನ್ನು ಕೇಳುತ್ತದೆ, ರಸ್ತೆ ಸೈಕಲ್ಲಿನ ಸಾಮಾನ್ಯ ಹಿಡಿ ಅಷ್ಟು ಎಳೆಯುವುದಿಲ್ಲ. ಜೊತೆಗೆ ನೇರ ಹ್ಯಾಂಡಲ್‌ಗೆಂದು ಮಾಡಿದ ಚೌಕಟ್ಟು ಉದ್ದ, ಅದರ ಮೇಲೆ ಡ್ರಾಪ್ ಹಾಕಿದರೆ ಕೈ ಇನ್ನೂ ಮುಂದಕ್ಕೆ ಹೋಗುತ್ತದೆ. ಹೊಸ ಸೈಕಲ್ ಕೊಳ್ಳುವವರಿಗೆ ಈ ತೊಡಕುಗಳಿಲ್ಲ, ಅವರಿಗೆ ಡ್ರಾಪ್ ಒಳ್ಳೆಯ ಆಯ್ಕೆ. ಇರುವ ಸೈಕಲನ್ನು ಬದಲಿಸಿಕೊಳ್ಳುವವರು ಮೊದಲು ಅಳತೆಗಳನ್ನು ಬರೆದಿಟ್ಟುಕೊಳ್ಳಬೇಕು. ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ಗಿಡ್ಡ ತುಂಡಾದ ಸ್ಟೆಮ್ ಕಚ್ಚಿ ಹಿಡಿಯುವ ನಡುಭಾಗದ್ದೂ ಒಂದು ಅಳತೆ ಇದೆ, ಸಾಮಾನ್ಯವಾಗಿ 25.4 ಅಥವಾ 31.8 ಮಿಲಿಮೀಟರ್.

ನಾನು ಆರಿಸಿಕೊಂಡದ್ದು ಚಿಟ್ಟೆ ಹ್ಯಾಂಡಲ್. ಮೇಲಿನಿಂದ ನೋಡಿದರೆ ರೆಕ್ಕೆ ಬಿಡಿಸಿದ ಚಿಟ್ಟೆಯಂತೆ, ಸವಾರನ ಕಡೆ ನಡುವೆ ತೆರೆದ ಎಂಟರ ಆಕಾರ. ಹಳೆಯ ಬ್ರೇಕ್, ಗೇರ್ ಹಿಡಿಗಳೆಲ್ಲ ಹಾಗೆಯೇ ಕುಳಿತವು. ಹತ್ತಿರದ ತುದಿಗಳಲ್ಲಿ ಕೈಯಿಟ್ಟರೆ ನೆಟ್ಟಗೆ ಕೂರಬಹುದು, ಪಕ್ಕದ ತಿರುವಿನಲ್ಲಿ ಹಿಡಿದರೆ ಅಂಗೈಗಳು ಎದುರುಬದುರು, ಮುಂದಿನ ಅಂಚಿಗೆ ಚಾಚಿದರೆ ಮೈ ತಗ್ಗುತ್ತದೆ. ಇವುಗಳ ನಡುವೆ ಹೆಸರಿಲ್ಲದ ನಿಲುವುಗಳು ಎಷ್ಟೋ. ಹತ್ತು ನಿಮಿಷಕ್ಕೊಮ್ಮೆ ಕೈ ತಾನಾಗಿ ಜಾಗ ಬದಲಿಸುತ್ತದೆ, ನನಗೆ ನೆನಪು ಮಾಡಿಕೊಳ್ಳಬೇಕಾಗಿಯೇ ಇಲ್ಲ.

ಕೊರತೆಗಳೂ ಇವೆ. ತೂಕ ಹೆಚ್ಚು. ಏರಿನಲ್ಲಿ ಎದ್ದುನಿಂತು ತುಳಿದರೆ ತುಸು ಬಳುಕುತ್ತದೆ. ಮುಂದಿನ ಚೀಲದ ಮುಚ್ಚಳ ಅದರ ಅಂಚಿಗೆ ತಾಗುತ್ತದೆ, ಹಾಗಾಗಿ ಚೀಲವನ್ನು ಕೆಳಕ್ಕೆ ಇಳಿಸಿದೆ. ಎಲ್ಲಕ್ಕಿಂತ ದೊಡ್ಡದು, ಬ್ರೇಕ್ ಇರುವುದು ಹತ್ತಿರದ ತುದಿಗಳಲ್ಲಿ ಮಾತ್ರ. ಇಳಿಜಾರಿನಲ್ಲಿ, ಜನಸಂದಣಿಯಲ್ಲಿ ನನ್ನ ಕೈ ಅಲ್ಲಿಂದ ಕದಲುವುದಿಲ್ಲ. ತುದಿಗಳು ಮೈಗೆ ಹತ್ತಿರ ಬಂದಿದ್ದರಿಂದ 90 ಮಿಲಿಮೀಟರ್ ಸ್ಟೆಮ್ ತೆಗೆದು 110ರದ್ದನ್ನು ಹಾಕಿದೆ. ಎತ್ತರವನ್ನು ಸೀಟಿನ ಮಟ್ಟಕ್ಕೆ ತಂದೆ. ಹೊಸ ಸೈಕಲ್ ಕೊಳ್ಳುವವರಿಗೆ ಇಲ್ಲೊಂದು ಮಾತು: ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಮೇಲೆ, ಸ್ಟೆಮ್ ಕೂರುವ ಕೊಳವೆಯನ್ನು ಅವಸರದಲ್ಲಿ ಕತ್ತರಿಸಲು ಬಿಡಬೇಡಿ. ಒಮ್ಮೆ ಗಿಡ್ಡವಾದದ್ದು ಉದ್ದವಾಗುವುದಿಲ್ಲ, ಹ್ಯಾಂಡಲ್ ಮೇಲೇಳುವ ದಾರಿ ಅಲ್ಲಿಗೆ ಮುಚ್ಚುತ್ತದೆ.

ಮುಂಗೈಯನ್ನೇ ಊರಿ ಅಂಗೈಗೆ ಪೂರ್ತಿ ಬಿಡುವು ಕೊಡುವ ಏರೋ ಪಟ್ಟಿಗಳೂ ಇವೆ. ಫ್ರಾನ್ಸಿನ ಸೈಕಲ್ ಪಂದ್ಯವಾದ 1989ರ ಟೂರ್ ದ ಫ್ರಾನ್ಸ್‌ನ ಕೊನೆಯ ದಿನ ಗ್ರೆಗ್ ಲೆಮಾಂಡ್ ಅವುಗಳನ್ನು ಬಳಸಿ, ಒಟ್ಟು 8 ಸೆಕೆಂಡುಗಳ ಅಂತರದಲ್ಲಿ ಗೆದ್ದದ್ದು ಪ್ರಸಿದ್ಧ. ನನಗೆ ಅದಕ್ಕಿಂತ ಇಷ್ಟವಾದ ಸಂಗತಿ ಇನ್ನೂ ಹಳೆಯದು: ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ಮಾಡಿದ, ಪೆಡಲ್ಲೇ ಇಲ್ಲದ ಓಟದ ಗಾಡಿಯಲ್ಲೂ ಮುಂಗೈ ಊರಲು ಮೆತ್ತೆ ಹೊದಿಸಿದ ಹಲಗೆ ಇತ್ತು. ಎರಡು ಚಕ್ರ ಕಂಡುಹಿಡಿದ ದಿನವೇ ಮನುಷ್ಯ ಕೈಯ ಚಿಂತೆ ಮಾಡಿದ್ದ.

ಕೊನೆಗೆ ಟೇಪ್ ಸುತ್ತುವ ಕೆಲಸ. ಅಂಗೈಯ ಹಿಮ್ಮಡಿ ಊರುವ ಎರಡು ತಿರುವುಗಳಲ್ಲಿ ಹಳೆಯ ಟ್ಯೂಬಿನ ಪಟ್ಟಿಯನ್ನು ಅಡಿಗೆ ಇಟ್ಟು, ಮೇಲೆ ಕಾರ್ಕ್ ಬೆರೆಸಿದ ಟೇಪನ್ನು ಎರಡು ಪದರ ಸುತ್ತುತ್ತೇನೆ. ಅದು ಫೋಮಿನಂತೆ ಕುಸಿಯುವುದಿಲ್ಲ. ಹಿಡಿ ದಪ್ಪವಾಗಿ ಒತ್ತಡ ಅಂಗೈ ತುಂಬ ಹರಡುತ್ತದೆ. ತಿರುವಿನ ಒಳಮೈಯಲ್ಲಿ ಟೇಪ್ ಸುಕ್ಕುಗಟ್ಟುತ್ತದೆ, ಹೊರಮೈಯಲ್ಲಿ ಬಾಯಿ ಬಿಡುತ್ತದೆ. ಎಳೆತ ಒಂದೇ ಸಮನಾಗಿರಬೇಕು, ಪ್ರತಿ ಸುತ್ತೂ ಹಿಂದಿನದರ ಅರ್ಧವನ್ನು ಮುಚ್ಚಬೇಕು. ಬಿಚ್ಚಿ ಮತ್ತೆ ಸುತ್ತಿದ್ದು ಎಷ್ಟು ಸಲವೋ. ಸ್ಟೆಮ್ಮಿನ ಬೋಲ್ಟುಗಳನ್ನು ಕರ್ಣಕ್ಕೆ ಒಂದೊಂದಾಗಿ, ಅದರ ಮೇಲೆ ಬರೆದಿರುವಷ್ಟೇ ಬಿಗಿಯುತ್ತೇನೆ. ಸಾಮಾನ್ಯವಾಗಿ 5ರಿಂದ 6 ನ್ಯೂಟನ್ ಮೀಟರ್.

ಹೀಗೆ ಎರಡು ವರ್ಷವಾಯಿತು. ಇದೇ ಹ್ಯಾಂಡಲ್ ಹಿಡಿದು ಹನ್ನೊಂದು ದಿನಗಳ ಒಂದು ಪ್ರವಾಸ ಮುಗಿಸಿದ್ದೇನೆ. ಬಲಗೈ ಸುಮ್ಮನಿದೆ. ಒರಟು ರಸ್ತೆಯಲ್ಲಿ ಎಡಗೈಯ ಕಿರುಬೆರಳು ಮಾತ್ರ ಆಗಾಗ ಜುಮುಗುಡುತ್ತದೆ. ಟೈರಿನ ಗಾಳಿ ಇಳಿಸಿ ನೋಡಿದೆ, ಸ್ವಲ್ಪ ಕಡಿಮೆಯಾಯಿತು. ಇನ್ನೂ ಅಗಲದ ಟೈರುಗಳನ್ನು ತಂದಿಟ್ಟಿದ್ದೇನೆ, ಭಾನುವಾರ ಹಾಕಿ, ಪ್ರವಾಸದಷ್ಟೇ ಸಾಮಾನು ಹೇರಿಕೊಂಡು ಅದೇ ಒರಟು ರಸ್ತೆಗೆ ಹೋಗುತ್ತೇನೆ.